ದೇವರ ಮುಂದಿದ್ದ ಸ್ಪ್ಯಾನರ್

ಅಳಿಯ ಮಂಜುನಾಥನ ಹೊಸ ಕಾರು ಹೋದ ತಿಂಗಳು ಮಾಲೂರಿನ ನಮ್ಮ ಮನೆ ಮುಂದೆ ನಿಂತಲ್ಲೇ ಸತ್ತಿತು. ಅರ್ಧ ಪೆಟ್ರೋಲು, ಅರ್ಧ ಕರೆಂಟಿನಲ್ಲಿ ಓಡುವ ಕಾರಂತೆ ಅದು. ಮಗಳು ಸುಜಾತ, ಅಳಿಯ ಇಬ್ಬರೂ ರೈಲಿನಲ್ಲಿ ಕಾಶಿಗೆ ಹೋಗಿ ಬಂದರು. ಬಂದು ಕಾರಿನ ಬಾಗಿಲು ತೆಗೆಯಲು ಹೋದರೆ ಅದು ಕಣ್ಣೇ ಬಿಡಲಿಲ್ಲ. ಮೆಕ್ಯಾನಿಕ್ ಬಂದ. ಕಾರು ಓಡಿಸುವ ದೊಡ್ಡ ಬ್ಯಾಟರಿ ತುಂಬಿಯೇ ಇದೆ, ಅದನ್ನು ಎಬ್ಬಿಸುವ ಸಣ್ಣ ಬ್ಯಾಟರಿ ಖಾಲಿಯಾಗಿದೆ ಎಂದ. ಕಾರು ನಿಂತಿದ್ದರೂ ಬೀಗ, ಗಡಿಯಾರ, ಇನ್ನೂ ಏನೇನೋ ಆ ಸಣ್ಣದನ್ನು ಹೀರುತ್ತಲೇ ಇರುತ್ತವಂತೆ. ಕೀ ಕಾರಿನ ಹತ್ತಿರದಲ್ಲೇ ನೇತುಹಾಕಿದ್ದರೆ ಅದಕ್ಕೆ ನಿದ್ದೆಯೇ ಬರುವುದಿಲ್ಲವಂತೆ. ವಾರಕ್ಕೊಂದು ಸಲ ಒಂದು ಸುತ್ತು ಓಡಿಸಿ, ಆಗದಿದ್ದರೆ ನಿಂತಲ್ಲೇ ಒಂದು ಗಂಟೆ ಚಾಲೂ ಮಾಡಿಡಿ, ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ ಸಣ್ಣ ಬ್ಯಾಟರಿಯ ಕಪ್ಪು ವೈರು ಬಿಚ್ಚಿಟ್ಟು ಹೋಗಿ ಎಂದು ಅಳಿಯನಿಗೆ ಹೇಳಿದ.

ಕಾರು ಎಬ್ಬಿಸಲು ಮೆಕ್ಯಾನಿಕ್ ತಂದಿದ್ದು ಯಾವುದೋ ಹಳೇ ಟೆಂಪೊ ಬ್ಯಾಟರಿ. ವೈರು ಕಚ್ಚಿಸುವ ಅದರ ಕಿವಿಯ ಸುತ್ತ ಬಿಳಿ, ಹಸಿರು ಪುಡಿ ಕಟ್ಟಿತ್ತು. ಅವನು ಮುಚ್ಚಳ ತಿರುಗಿಸಿದ ಕೂಡಲೇ ಮೂಗಿನ ಒಳಗೆ ಸುಟ್ಟಂತಾಗುವ ಆ ಹುಳಿ ವಾಸನೆ ಬಂತು. ಇಪ್ಪತ್ತು ವರ್ಷದ ಮೇಲಾಗಿತ್ತು ಆ ವಾಸನೆ ಕುಡಿದು. ಒಳಗೆ ಹೋಗಿ ಕೂತುಕೊಂಡೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಸುಜಾತ ಹತ್ತನೇ ಕ್ಲಾಸಿನಲ್ಲಿದ್ದಳು. ನಾವಿದ್ದದ್ದು ಗೌನಿಪಲ್ಲಿಯಲ್ಲಿ, ಊರು ಮುಗಿದು ಮಾವಿನ ತೋಪು ಶುರುವಾಗುವ ಕಡೆ. ನಮ್ಮ ಯಜಮಾನರು ನಾರಾಯಣಪ್ಪ, ಡ್ರೈವರು. ಲಾರಿ ಕ್ಲೀನರಾಗಿ ಶುರುಮಾಡಿ, ಕೊನೆಗೆ ಒಂದು ಹಳೇ ಅಂಬಾಸಿಡರ್ ಸ್ವಂತಕ್ಕೆ ಮಾಡಿಕೊಂಡು ಶ್ರೀನಿವಾಸಪುರದ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ನಿಲ್ಲಿಸುತ್ತಿದ್ದರು. ಮಾವಿನ ಕಾಲದಲ್ಲಿ ಹೊರಗಿನ ವ್ಯಾಪಾರದವರು ಬಂದರೆ ತೋಪು ನೋಡಿಸಲು ಇವರನ್ನೇ ಕರೆಯುತ್ತಿದ್ದರು. ಯಾವ ದಾರಿಯಲ್ಲಿ ಎಲ್ಲಿ ಗುಂಡಿ ಇದೆ, ಯಾರ ತೋಪಿನಲ್ಲಿ ಯಾವ ಮರ ಹುಳಿ ಎಂದು ಇವರಿಗೆ ಗೊತ್ತಿತ್ತು. ಒಳ್ಳೇ ಗಂಡನೇ ಎಂದು ಕೇಳಿದರೆ, ಕೋಪದ ಮನುಷ್ಯ ಎನ್ನುತ್ತೇನೆ. ಅದರಲ್ಲೂ ಗಾಡಿಯ ವಿಷಯದಲ್ಲಿ. ಒಂದು ಸಲ ಸ್ಟ್ಯಾಂಡಿನಲ್ಲಿ ಯಾವನೋ ಡ್ರೈವರು ಸಣ್ಣ ಲೈಟು ಆರಿಸದೆ ಟೀ ಕುಡಿಯಲು ಹೋದನೆಂದು ಅವನ ಅಪ್ಪ ಅಜ್ಜಂದಿರನ್ನೆಲ್ಲ ಎತ್ತಿ ಆಡಿ ಬಂದರು. ಮನೆಗೆ ಬಂದ ಮೇಲೂ ಅದೇ ಮಾತು. "ಲೈಟ್ ಬಿಟ್ ಹೋಗೋನು ಡ್ರೈವರ್ ಅಲ್ಲ ಕಣೇ, ಅವನು ದನ ಕಾಯೋಕೂ ಆಗಲ್ಲ."

ಆ ವರ್ಷ ಕೊನೆಯ ತೋತಾಪುರಿ ಮಾವಿನ ಲಾರಿಗಳು ಜ್ಯೂಸ್ ಫ್ಯಾಕ್ಟರಿಗೆ ಹೋಗುತ್ತಿದ್ದಾಗ, ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದವರ ಕೈಯಿಂದ ಚೊಂಬು ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವರು ಹಾಗೇ ಬಲಕ್ಕೆ ಒರಗಿದರು. ಲಕ್ವ. ಕೋಲಾರದ ಆಸ್ಪತ್ರೆಯಲ್ಲಿ ಮಲಗಿಸಿದೆವು. ಬಲಗೈ, ಬಲಗಾಲು ಹೋಗಿತ್ತು, ಮಾತೂ ಹೋಗಿತ್ತು. ಉಳಿದಿದ್ದು ಒಂದೇ ಮಾತು. ಕ್ಲೀನರ್ ಆಗಿದ್ದಾಗ ಲಾರಿಯ ಪಕ್ಕ ತಟ್ಟಿ ಹೇಳುತ್ತಿದ್ದ "ರೈಟ್". ಹಸಿವಾದರೂ ರೈಟ್, ಬೇಡವಾದರೂ ರೈಟ್, ಉಚ್ಚೆಗೆ ಹೋಗಬೇಕಾದರೂ ರೈಟ್. ದನಿ ಕೇಳಿ ನಾವು ಅರ್ಥ ಮಾಡಿಕೊಳ್ಳಬೇಕಿತ್ತು. ಡಾಕ್ಟರು ನನ್ನೊಬ್ಬಳನ್ನೇ ಆಚೆ ಕರೆದು, ಬರುವಷ್ಟು ಬಂದಿದೆ, ಇನ್ನು ಆಸೆ ಇಟ್ಟುಕೊಳ್ಳಬೇಡಿ, ಗಾಡಿ ಓಡಿಸುವ ಮಾತಂತೂ ಮರೆತುಬಿಡಿ ಎಂದರು. ಮರೆತೆ. ಇವರಿಗೆ ಹೇಳಲಿಲ್ಲ. ಹೇಳಿದ್ದರೂ ಇವರು ರೈಟ್ ಎನ್ನುತ್ತಿದ್ದರು.

ಮನೆಗೆ ಬಂದ ಮೇಲೆ ಊಟದ ಜಗಳ ಶುರುವಾಯಿತು. ಗಂಜಿ ಬಟ್ಟಲು ಮುಂದಿಟ್ಟರೆ ಎಡಗೈಯಿಂದ ದೂಡುವರು, ಕಾರು ನಿಲ್ಲಿಸಿದ್ದ ಶೆಡ್ಡಿನ ಕಡೆ ತೋರಿಸುವರು. ಮೊದಲ ದಿನ ತಿಳಿಯಲಿಲ್ಲ. ಎರಡನೇ ದಿನ ಸುಜಾತ ಹೋಗಿ ಕಾರಿನ ಕೀ ತಿರುಗಿಸಿದಳು. ಅವಳಿಗೆ ಅಷ್ಟು ಗೊತ್ತಿತ್ತು. ಇಂಜಿನ್ ಸದ್ದು ಜಗಲಿಗೆ ಕೇಳಿಸಿತು. ಇವರು ಬಾಯಿ ತೆರೆದರು. ಅಂದಿನಿಂದ ಅದೇ ನೇಮವಾಯಿತು. ಬೆಳಿಗ್ಗೆ ಕಾರಿನ ಸದ್ದು ಕೇಳಿಸದೆ ಗಂಜಿ ಒಳಗಿಳಿಯುವುದಿಲ್ಲ. ಸುಜಾತ ಸ್ಟಾರ್ಟ್ ಮಾಡುವಳು, ಅಪ್ಪ ನಾಲ್ಕು ಗುಟುಕು ಕುಡಿದ ಕೂಡಲೇ ಪೆಟ್ರೋಲು ದಂಡವೆಂದು ಆರಿಸುವಳು.

ಶ್ರಾವಣ ಕಳೆಯುವಷ್ಟರಲ್ಲಿ ಸದ್ದು ಕೆಟ್ಟಿತು. ಇಂಜಿನ್ ಮುದುಕನ ಹಾಗೆ ನರಳಿ ನರಳಿ ಏಳುತ್ತಿತ್ತು. ಇವರು ಜಗಲಿಯಲ್ಲಿ ಕೂತು ಆ ನರಳಿಕೆ ಕೇಳಿಸಿಕೊಂಡು ನನ್ನ ಕಡೆ ಕಣ್ಣು ಬಿಡುತ್ತಿದ್ದರು. ಬ್ಯಾಟರಿ ಅಂಗಡಿಯ ಅಜೀಜಣ್ಣನನ್ನು ಶ್ರೀನಿವಾಸಪುರದಿಂದ ಕರೆಸಿದೆ. ಅವನು ಇವರ ಹಳೇ ಸ್ನೇಹಿತ, ಜಗಲಿಯಲ್ಲಿ ಕೂತು ಇವರ ಸತ್ತ ಕೈ ಹಿಡಿದುಕೊಂಡ. ಆಮೇಲೆ ಬಾನೆಟ್ ಎತ್ತಿ ನೋಡಿ ನನಗೇ ಬೈದ.

"ಅಕ್ಕ, ಬ್ಯಾಟರಿ ಅಂದ್ರೆ ಕರೆಯೋ ಹಸು ಇದ್ದಂಗೆ. ದಿನಾ ಹಾಲು ಕರ್ಕೊಳ್ತೀಯ, ಹುಲ್ಲು ಮಾತ್ರ ಹಾಕಲ್ಲ. ಎಷ್ಟು ದಿನ ಕೊಟ್ಟೀತು ಅದು?"

ಒಂದು ಸಲ ಸ್ಟಾರ್ಟ್ ಮಾಡುವುದಕ್ಕೆ ಬ್ಯಾಟರಿ ಬಹಳ ಕೊಡಬೇಕಂತೆ. ನಿಂತಲ್ಲೇ ಗುರುಗುಟ್ಟಿಸಿದರೆ ಡೈನಮೋ ಅದಕ್ಕೆ ಏನೂ ವಾಪಸು ತುಂಬುವುದಿಲ್ಲವಂತೆ. ರಸ್ತೆಗಿಳಿದು ಚೆನ್ನಾಗಿ ಓಡಿದರೆ ಮಾತ್ರ ತುಂಬುವುದು. ವಾರಕ್ಕೊಮ್ಮೆ ಓಡಿಸಿ ಸುಮ್ಮನಿರು ಎಂದ. ದಿನಾ ಸದ್ದು ಬೇಕಲ್ಲ ಎಂದೆ. ಹಾಗಾದರೆ ದಿನಾ ಓಡಿಸು, ಓಡಿಸಿ ಬಂದ ಮೇಲೆ ಕಪ್ಪು ವೈರು ಬಿಚ್ಚಿಡು, ಈ ಹಳೇ ಗಾಡಿಯ ವೈರಿಂಗ್ ಎಲ್ಲೆಲ್ಲಿ ಸೋರುತ್ತದೋ ದೇವರಿಗೇ ಗೊತ್ತು ಎಂದ. ಸಣ್ಣ ಸ್ಪ್ಯಾನರ್ ಹಿಡಿಯುವುದು, ಬಿಸಿನೀರು ಹುಯ್ದು ಬಿಳಿ ಪುಡಿ ತೊಳೆಯುವುದು, ಒಣಗಿಸಿ ವ್ಯಾಸಲೀನ್ ಸವರುವುದು ಎಲ್ಲ ತೋರಿಸಿದ. ಬ್ಯಾಟರಿಗೆಂದೇ ಅಂಗಡಿಯಲ್ಲಿ ಮಾರುವ ಡಿಸ್ಟಿಲ್ಡ್ ನೀರನ್ನೇ ಹಾಕಬೇಕು, ನಮ್ಮ ಬೋರಿನ ಫ್ಲೋರೈಡ್ ನೀರು ಹಾಕಿದರೆ ನಮ್ಮ ಹಲ್ಲು ಹೋದ ಹಾಗೆ ಅದರ ಪ್ಲೇಟೂ ಹೋಗುತ್ತದೆ ಎಂದು ನಕ್ಕ. ನಮ್ಮ ಕಡೆಯವರ ಹಲ್ಲು ನೋಡಿದವರಿಗೆ ಆ ಮಾತು ಬೇಗ ತಿಳಿಯುತ್ತದೆ.

ಓಡಿಸುವವರು ಯಾರು? ಸ್ಟ್ಯಾಂಡಿನ ಡ್ರೈವರುಗಳು ಒಂದು ವಾರ ಬಂದರು. ಆಮೇಲೆ ಅವರವರ ಹೊಟ್ಟೆಪಾಡು ಅವರವರಿಗೆ. ನಾನೇ ಕೂತೆ. ಇವರನ್ನು ಎತ್ತಿ ಎಡಗಡೆ ಸೀಟಿನಲ್ಲಿ ಕೂರಿಸಿ, ಬೀಳದ ಹಾಗೆ ನನ್ನ ಹಳೇ ಸೀರೆಯಲ್ಲಿ ಸೀಟಿಗೆ ಕಟ್ಟಿದೆವು. ಕಲಿತೆ ಎಂದರೆ ಏನು, ಮೊದಲನೇ ಗೇರು, ಎರಡನೇ ಗೇರು, ಕೆರೆ ಕಟ್ಟೆವರೆಗೆ ಹೋಗುವುದು, ಅಗಲವಿದ್ದ ಕಡೆ ತಿರುಗಿಸಿಕೊಂಡು ಬರುವುದು. ತಪ್ಪು ಮಾಡಿದರೆ ಎಡಗೈ ಇತ್ತಿಂದ ಬಂದು ನನ್ನ ತೊಡೆಗೆ ಬೀಳುತ್ತಿತ್ತು. "ರೈಟ್" ಎನ್ನುವರು. ಅದು ಮುಂಡೇದೇ ಕ್ಲಚ್ ಒತ್ತು ಎಂದು ಅರ್ಥ. ಹಾಗೆ ಬೈಸಿಕೊಂಡರೆ ನನಗೂ ಸ್ವಲ್ಪ ಧೈರ್ಯವೇ ಆಗುತ್ತಿತ್ತು. ಮನುಷ್ಯ ಇನ್ನೂ ಒಳಗಿದ್ದಾನೆ ಅನಿಸುತ್ತಿತ್ತು.

ಊರಿನವರು ಬಿಡುತ್ತಾರೆಯೇ. ಹಾಲಿನ ಡೈರಿಯ ಹತ್ತಿರ ಕೂರುತ್ತಿದ್ದ ಒಬ್ಬ ಮುದುಕ, "ಏಮಮ್ಮಾ, ಬಾಡಿಗೆಗೆ ಬರ್ತೀಯಾ?" ಎಂದು ಕೂಗಿದ. "ನಿನ್ನ ಹೆಣ ಹೊರೋಕೆ ಕರೀತಾರಲ್ಲ, ಆವಾಗ ಬರ್ತೀನಿ" ಎಂದೆ. ಮತ್ತೆ ಕೂಗಲಿಲ್ಲ.

ಆ ವರ್ಷ ಮಳೆ ದಸರಾ ಹಬ್ಬಕ್ಕೆ ಮುಂಚೆ ಚೆನ್ನಾಗಿ ಹಿಡಿಯಿತು. ಸಂಜೆಯಾದರೆ ಮೋಡ, ಗುಡುಗು, ಶೆಡ್ಡಿನ ಜಿಂಕ್ ಶೀಟಿನ ಮೇಲೆ ಕಲ್ಲು ಸುರಿದ ಹಾಗೆ ಸದ್ದು. ಒಂದು ಕಡೆ ಸೋರುತ್ತಿತ್ತು, ಕಾರಿನ ಮೇಲೆ ಗೊಬ್ಬರದ ಚೀಲ ಹೊಲಿದು ಹೊದಿಸಿದೆ. ಹೊಲದಲ್ಲಿ ರಾಗಿ ತೆನೆ ಬಿಡುತ್ತಿತ್ತು. ಲಕ್ವಕ್ಕೆ ಔಷಧಿ ಕೊಡುತ್ತಾರೆಂದು ಆಂಧ್ರದ ಕಡೆಯ ಒಂದು ಊರಿಗೂ ಹೋಗಿ ಬಂದೆವು. ಎಣ್ಣೆ ತಿಕ್ಕಿದರು, ಪಥ್ಯ ಹೇಳಿದರು. ಕೈ ಹಾಗೇ ಇತ್ತು, ಎಣ್ಣೆ ವಾಸನೆಯೊಂದು ಜಾಸ್ತಿಯಾಯಿತು.

ಇವರ ಮನಸ್ಸಿನಲ್ಲಿ ಏನಿದೆಯೆಂದು ಕಂಡುಹಿಡಿದವಳು ಸುಜಾತ. ಗೋಡೆಯ ಕ್ಯಾಲೆಂಡರಿನಲ್ಲಿ ಚಾಮುಂಡಿಯ ಪಟವಿತ್ತು. ಅದನ್ನು ತೋರಿಸುವರು, ಎಡಗೈಯಲ್ಲಿ ಸ್ಟೇರಿಂಗ್ ತಿರುಗಿಸುವ ಹಾಗೆ ಮಾಡುವರು. ಅವಳು ಅಡುಗೆ ಮನೆಗೆ ಓಡಿ ಬಂದಳು. "ಆಯುಧಪೂಜೆ ದಿನ ಅಪ್ಪಾನೇ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸ್ತಾರಂತೆ ಕಣಮ್ಮ." ಅವಳ ಮುಖ ನೋಡಿ ನಾನು ಒಲೆ ಊದಿದೆ.

ಓಡಿಸುವುದು ಆಗದ ಮಾತು. ಕಾಲಿಲ್ಲದೆ ಕ್ಲಚ್ ಹೇಗೆ, ಬ್ರೇಕ್ ಹೇಗೆ. ಆದರೆ ಕೀ ತಿರುಗಿಸುವುದಕ್ಕೆ ಒಂದು ಕೈ ಸಾಕು. ಅವರನ್ನು ಅವರ ಸೀಟಿನಲ್ಲೇ ಕೂರಿಸುವುದು, ಗೇರು ಹಾಕದೆ ಬಿಡುವುದು, ಅವರು ಕೀ ತಿರುಗಿಸಿ ಇಂಜಿನ್ ಎಬ್ಬಿಸಿದ ಮೇಲೆ ಹಿಂದಿನಿಂದ ನಾಲ್ಕು ಜನ ಮೆಲ್ಲಗೆ ನೂಕಿ ನಿಂಬೆಹಣ್ಣು ದಾಟಿಸುವುದು ಎಂದು ಲೆಕ್ಕ ಹಾಕಿಕೊಂಡೆ. ಇಂಜಿನ್ ಸದ್ದಿನಲ್ಲಿ ನೂಕುವುದು ಯಾರಿಗೆ ತಿಳಿಯಬೇಕು. ಅಷ್ಟು ಒಂದು ಅವರ ಕೈಯಿಂದ ಆಗಲಿ. ಅದಕ್ಕೆಂದೇ ನಾನು ಆ ಬ್ಯಾಟರಿಯನ್ನು ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡೆ. ಬಿಸಿನೀರು, ವ್ಯಾಸಲೀನ್, ಕೆರೆ ಕಟ್ಟೆ, ಕಪ್ಪು ವೈರು. ಹಬ್ಬ ಹತ್ತಿರ ಬರುವಷ್ಟರಲ್ಲಿ ಕೀ ಮುಟ್ಟಿದರೆ ಸಾಕು, ಇಂಜಿನ್ ಎದ್ದು ಕೂರುತ್ತಿತ್ತು. ಅಜೀಜಣ್ಣ ಬಂದು ನೋಡಿ, ಇನ್ನು ಒಂದು ವಾರ ಮುಟ್ಟದಿದ್ದರೂ ಏನೂ ಆಗುವುದಿಲ್ಲ ಎಂದ.

ಹಬ್ಬದ ಹಿಂದಿನ ದಿನ ಮುಳಬಾಗಿಲಿನಿಂದ ಇವರ ಅಕ್ಕ ಲಕ್ಷ್ಮಕ್ಕ ಬಂದರು. ಮಡಿ, ಮೈಲಿಗೆ, ನೇಮ ಎಂದರೆ ಲಕ್ಷ್ಮಕ್ಕನೇ. ಅವರ ಮನೆತನದಲ್ಲಿ ಒಂದು ಪದ್ಧತಿ. ಹಬ್ಬದ ಹಿಂದಿನ ಸಂಜೆಯೇ ಆಯುಧಗಳನ್ನೆಲ್ಲ ತೊಳೆದು ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಬೇಕು. ಇಟ್ಟ ಮೇಲೆ ದಶಮಿಯ ದಿನದವರೆಗೆ ಎತ್ತುವ ಹಾಗಿಲ್ಲ. ಕುಡುಗೋಲು, ಮಚ್ಚು, ಗುದ್ದಲಿ, ಸುಜಾತಳ ಕಂಪಾಸ್ ಪೆಟ್ಟಿಗೆ, ಕಾರಿನ ಜಾಕಿ, ವೀಲ್ ಸ್ಪ್ಯಾನರ್, ಎಲ್ಲ ಮಣೆಯ ಮೇಲೆ ಹೋಯಿತು. ಕಾರಿನದು ಎಂದು ಸುಜಾತ ನನ್ನ ಸಣ್ಣ ಸ್ಪ್ಯಾನರನ್ನೂ ತೊಳೆದು ಸಾಲಿನಲ್ಲಿ ಇಟ್ಟಳು.

ಕಾರನ್ನೂ ತೊಳೆದು, ಪೂರ್ವಕ್ಕೆ ಮುಖ ಮಾಡಿ ಶೆಡ್ಡಿನಲ್ಲಿ ನಿಲ್ಲಿಸಿದ್ದಾಯಿತು. ಲಕ್ಷ್ಮಕ್ಕ ಬಾನೆಟ್ಟಿನ ಮೇಲೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ಮುಂದೆ ಹಿಂದೆ ಚೆಂಡುಹೂವಿನ ಹಾರ, ದೀಪಗಳೇ ಮುಚ್ಚಿಹೋಗುವಷ್ಟು. ಇವರು ತಮ್ಮನ್ನು ಡ್ರೈವರ್ ಸೀಟಿನಲ್ಲಿ ಕೂರಿಸಬೇಕೆಂದು ಹಟ ಮಾಡಿದರು. ಲಕ್ವ ಹೊಡೆದ ಮೇಲೆ ಆ ಸೀಟಿನಲ್ಲಿ ಕೂತಿದ್ದು ಅದೇ ಮೊದಲು. ನಾವು ಹೂ ಕಟ್ಟುವಷ್ಟು ಹೊತ್ತೂ ಎಡಗೈ ಡ್ಯಾಶ್ ಬೋರ್ಡಿನ ಮೇಲೆ ಓಡಾಡುತ್ತಿತ್ತು. ಸ್ಟೇರಿಂಗ್ ಸವರಿದರು, ಗುಂಡಿಗಳನ್ನು ಒಂದೊಂದಾಗಿ ಮುಟ್ಟಿದರು, ಎಳೆದರು, ಒತ್ತಿದರು. ಕಣ್ಣಿಲ್ಲದವರು ಮಗುವಿನ ಮುಖ ಸವರುವ ಹಾಗೆ. ಇನ್ನೂ ಬಿಸಿಲಿತ್ತು. "ರೈಟ್, ರೈಟ್" ಎಂದರು. ಅಷ್ಟು ತಿಂಗಳಲ್ಲಿ ನಾನು ಕೇಳಿದ ಒಳ್ಳೇ ರೈಟ್ ಅದೊಂದೇ.

ಅವರನ್ನು ಇಳಿಸಿ ಒಳಗೆ ಮಲಗಿಸಿದ ಮೇಲೆ ನನಗೆ ಕಪ್ಪು ವೈರು ನೆನಪಾಯಿತು. ದೇವರ ಮುಂದೆ ಹೋಗಿ ಸ್ಪ್ಯಾನರಿಗೆ ಕೈ ಹಾಕಿದೆ. ಲಕ್ಷ್ಮಕ್ಕ ಕೈ ಹಿಡಿದರು.

"ಇಟ್ಟ ಆಯುಧ ಎತ್ತಬಾರ್ದು ಅಂತ ಗೊತ್ತಿಲ್ವೇನೇ? ಇವನಿಗೆ ಆಗಿರೋದು ಸಾಲ್ದಾ? ಕುಂಕುಮ ಇಟ್ಟ ಬಾನೆಟ್ ಬೇರೆ ಎತ್ತಬೇಕಾ ಈಗ?"

ಸ್ಪ್ಯಾನರ್ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡೆ. ಒಂದು ವಾರ ಬಿಟ್ಟರೂ ಏನೂ ಆಗುವುದಿಲ್ಲ ಎಂದು ಅಜೀಜಣ್ಣನೇ ಹೇಳಿದ್ದನಲ್ಲ, ಒಂದು ರಾತ್ರಿಗೆ ಏನಾಗುತ್ತದೆ ಎಂದುಕೊಂಡು ಶೆಡ್ಡಿನ ಬಾಗಿಲು ಎಳೆದೆ.

ಮಾರನೇ ದಿನ ಮಧ್ಯಾಹ್ನ ರಾಹುಕಾಲ ಕಳೆದ ಮೇಲೆ ಪೂಜೆ. ಅಜೀಜಣ್ಣ, ಸ್ಟ್ಯಾಂಡಿನ ಡ್ರೈವರುಗಳು, ಡೈರಿಯ ಆ ಮುದುಕ, ಎಲ್ಲರೂ ಬಂದಿದ್ದರು. ಇವರಿಗೆ ಕ್ಷೌರ ಮಾಡಿಸಿ, ಖಾಕಿ ಷರ್ಟು ಹಾಕಿ, ಸೀಟಿನಲ್ಲಿ ಕೂರಿಸಿದೆವು. ಬೂದುಗುಂಬಳ ಒಡೆದದ್ದಾಯಿತು, ಆರತಿಯಾಯಿತು. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟರು. ನೂಕುವವರು ಹಿಂದೆ ಕೈ ಕೊಟ್ಟು ನಿಂತರು. ನಾನು ಕಿಟಕಿಯ ಪಕ್ಕ ನಿಂತು "ಹೂ, ತಿರುಗಿಸಿ" ಎಂದೆ.

ಇವರು ಎಡಗೈ ಚಾಚಿ ಕೀ ತಿರುಗಿಸಿದರು.

ಟಿಕ್ ಎಂದಿತು. ಅಷ್ಟೇ.

ಇನ್ನೊಂದು ಸಲ ತಿರುಗಿಸಲಿಲ್ಲ ಅವರು. ಬೇರೆ ಯಾರಾದರೂ ಆಗಿದ್ದರೆ ಮತ್ತೆ ಮತ್ತೆ ತಿರುಗಿಸುತ್ತಿದ್ದರು. ಅವರ ಕೈ ಕೀ ಬಿಟ್ಟು ನೇರ ಲೈಟಿನ ಗುಂಡಿಗೆ ಹೋಯಿತು. ಅದು ಲೈಟು ಹಚ್ಚಿದಾಗಿನ ಹಾಗೆ ಈಚೆಗೆ ಎಳೆದೇ ಇತ್ತು. ಬೆರಳಿನಿಂದ ಒಳಗೆ ಒತ್ತಿದರು. ಕಾರಿನ ಮುಂದೆ ಆರತಿ ತಟ್ಟೆ ಹಿಡಿದು ನಿಂತಿದ್ದ ಸುಜಾತ, "ಅಮ್ಮ, ಹೂವಿನ ಹಿಂದೆ ಲೈಟ್ ಉರೀತಿತ್ತು, ಬೀಡಿ ಕಿಡಿ ಥರ. ಈಗ ಆರಿತು" ಎಂದಳು.

ಯಾರೇ ಅದನ್ನು ಹಚ್ಚಿಟ್ಟಿದ್ದು ಎಂದು ಲಕ್ಷ್ಮಕ್ಕ ಕೇಳಿದರು. ಸ್ಟ್ಯಾಂಡಿನ ಡ್ರೈವರುಗಳೆಲ್ಲ ಅಲ್ಲೇ ನಿಂತಿದ್ದರು. "ನಾನೇ. ಒರೆಸೋವಾಗ ಕೈ ತಗಲಿರ್ಬೇಕು" ಎಂದೆ.

ಇವರು ತಲೆ ಎತ್ತಿ ನನ್ನನ್ನು ನೋಡಿದರು. ಅವರ ಕೈಯಿಂದಲೇ ಆದದ್ದೆಂದು ಅವರಿಗೆ ಗೊತ್ತು, ನನಗೆ ಗೊತ್ತೆಂಬುದೂ ಅವರಿಗೆ ಗೊತ್ತು. ಹಿಂದಿನ ಕಾಲವಾಗಿದ್ದರೆ, ನಿಜವಾಗಿ ನಾನೇ ಬಿಟ್ಟಿದ್ದರೆ, ಊರೇ ಕೇಳುವ ಹಾಗೆ ಬೈಯುತ್ತಿದ್ದರು. ನನ್ನ ತೊಡೆಗೆ ಹೊಡೆಯುತ್ತಿದ್ದ ಕೈ ಅವರ ಮಡಿಲಲ್ಲಿ ಬಿದ್ದಿತ್ತು. ಬೈಯಲಿ ಎಂದು ನಾನು ಅಲ್ಲೇ ನಿಂತೆ. ಬೈಯಲಿಲ್ಲ. ರೈಟ್ ಅಂತಲೂ ಅನ್ನಲಿಲ್ಲ.

ಶಕುನ ಕೆಡಬಾರದೆಂದು ಗಂಡಸರು ನೂಕಿದರು. ಸದ್ದಿಲ್ಲದ ಕಾರು ಉತ್ಸವಮೂರ್ತಿ ಹೊತ್ತ ಹಾಗೆ ಮುಂದಕ್ಕೆ ಬಂತು. ನಿಂಬೆಹಣ್ಣು ಒಂದೊಂದಾಗಿ ಒಡೆದಿದ್ದು ನಮಗೆಲ್ಲ ಕೇಳಿಸಿತು. ಇಂಜಿನ್ ಸದ್ದಿದ್ದರೆ ಅದು ಕೇಳಿಸುತ್ತಿರಲಿಲ್ಲ. ಯಾರೋ ಚಪ್ಪಾಳೆ ತಟ್ಟಿ ಅರ್ಧಕ್ಕೇ ನಿಲ್ಲಿಸಿದರು. ಪುರಿ, ಕಡಲೆ, ಬಾಳೆಹಣ್ಣು ಹಂಚಿದೆವು. ಅಜೀಜಣ್ಣ ತಿನ್ನಲಿಲ್ಲ, ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡ.

ದಶಮಿಯ ದಿನ ಲಕ್ಷ್ಮಕ್ಕ ಪೂಜೆ ಕದಲಿಸಿ, ಈಗ ಎತ್ತಿಕೋ ಎಂದು ಸ್ಪ್ಯಾನರನ್ನು ತಾವೇ ನನ್ನ ಕೈಗೆ ಕೊಟ್ಟರು. ಬ್ಯಾಟರಿ ಬಿಚ್ಚಿ ಅಜೀಜಣ್ಣನ ಜೊತೆ ಕಳಿಸಿದೆ. ಎರಡು ದಿನ ಚಾರ್ಜಿಗೆ ಹಾಕಿ ತಂದು ಕೂರಿಸಿದ. ಕೀ ಮುಟ್ಟಿದ ಕೂಡಲೇ ಇಂಜಿನ್ ಎದ್ದಿತು. ಮಾರನೇ ಬೆಳಿಗ್ಗೆ ಜಗಲಿಯಲ್ಲಿ ಇವರ ಮುಂದೆ ಗಂಜಿ ಇಟ್ಟು, ಕೀ ತೆಗೆದುಕೊಂಡು ಶೆಡ್ಡಿಗೆ ಹೋದೆ. ಬಾಗಿಲು ತೆಗೆದು ಹಿಂದಕ್ಕೆ ತಿರುಗಿ ನೋಡುತ್ತೇನೆ, ಅವರು ಬಟ್ಟಲು ಎತ್ತಿಕೊಂಡು ಕುಡಿಯುತ್ತಿದ್ದರು. ಸದ್ದಿಗೆ ಕಾಯಲಿಲ್ಲ. ಪೂರ್ತಿ ಕುಡಿದು ಬಟ್ಟಲು ಪಕ್ಕಕ್ಕಿಟ್ಟರು.

ಆಮೇಲೂ ಬಹಳ ವರ್ಷ ಇದ್ದರು. ಕೊಟ್ಟಿದ್ದನ್ನು ತಿಂದರು, ಮಲಗಿಸಿದ ಕಡೆ ಮಲಗಿದರು. ಊಟಕ್ಕೆ ಒಂದು ದಿನವೂ ಜಗಳ ಮಾಡಲಿಲ್ಲ. ನೋಡಿದವರು, ಈಗ ವಾಸಿ, ಹಟ ಕಡಿಮೆಯಾಗಿದೆ ಎನ್ನುತ್ತಿದ್ದರು. ಕೋಲಾರದ ಆಸ್ಪತ್ರೆಗೆ ಹೋಗಬೇಕಾದಾಗ ಕಾರಿನ ಬಾಗಿಲು ತೆಗೆದರೆ ಮುಖ ತಿರುಗಿಸುವರು. ಬಸ್ಸಿನಲ್ಲೇ ಕರೆದುಕೊಂಡು ಹೋಗುತ್ತಿದ್ದೆವು. ಕಾರನ್ನು ನಾನು ಭಾನುವಾರ ಭಾನುವಾರ ಕೆರೆ ಕಟ್ಟೆವರೆಗೆ ಓಡಿಸಿ ತಂದು ಕಪ್ಪು ವೈರು ಬಿಚ್ಚಿಡುತ್ತಿದ್ದೆ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ. ಕೊನೆಗೆ ಚಿಂತಾಮಣಿಯ ಕಡೆಯವರು ಯಾರೋ ಕೊಂಡುಹೋದಾಗಲೂ ಬ್ಯಾಟರಿ ಚೆನ್ನಾಗಿಯೇ ಇತ್ತು.

ಹೋದ ತಿಂಗಳು ಅಳಿಯನಿಗೂ ಒಂದು ಸಣ್ಣ ಸ್ಪ್ಯಾನರ್ ಬೇಕಾಯಿತು. ಇನ್ನು ಊರಿಗೆ ಹೋಗುವಾಗ ಕಪ್ಪು ವೈರು ಬಿಚ್ಚಿಟ್ಟು ಹೋಗುತ್ತಾನಂತೆ. ನನ್ನ ಆ ಹಳೇ ಸ್ಪ್ಯಾನರನ್ನೇ ಟ್ರಂಕಿನಿಂದ ತೆಗೆದು ಕೊಟ್ಟೆ. ತಿರುಗಿಸಿ ನೋಡಿ, "ಅತ್ತೆ, ಇದು ಮಾವನವರ ಕಾಲದ್ದಾ? ಈ ಸಲ ಆಯುಧಪೂಜೆಗೆ ಇದನ್ನೂ ದೇವರ ಮುಂದೆ ಇಡೋಣ" ಎಂದ. ಸುಜಾತ ನನ್ನ ಕಡೆ ನೋಡಿದಳು. ಕಾರು ಇಡಿ, ಕುಡುಗೋಲು ಇಡಿ, ಹಬ್ಬಕ್ಕೆ ಮುಂಚೆ ಅದೊಂದನ್ನು ನನ್ನ ಟ್ರಂಕಿಗೆ ವಾಪಸು ಹಾಕಿ ಎಂದೆ.